ಈಜಿದ ಮೇಲೆ ಎಡಗಿವಿ ನೋವು, ಪ್ಲಗ್ ಹಾಕಿದರೂ ಯಾಕೆ ಹೀಗೆ?

ತುಂಗಾತೀರದವಳು:

ನಮಸ್ಕಾರ. ನನಗೆ 47 ವರ್ಷ. ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸ, ಕ್ಯಾಷ್ ಕೌಂಟರ್. ಈ ಆಗಸ್ಟ್‌ನಲ್ಲಿ ಈಜು ಕಲಿಯಲು ಸೇರಿದೆ. ಹೆಂಗಸರ ಬ್ಯಾಚು, ಬೆಳಿಗ್ಗೆ ಆರೂವರೆಗೆ. ಮಂಡಿ ನೋವಿಗೆ ಒಳ್ಳೆಯದು ಅಂತ ಮೂಳೆ ಡಾಕ್ಟರು ಹೇಳಿದ್ದು ಒಂದು ನೆಪ. ನಿಜ ಹೇಳಬೇಕೆಂದರೆ ಅದು ನಲವತ್ತು ವರ್ಷದ ಹಳೇ ಆಸೆ.

ನಾನು ಹುಟ್ಟಿದ್ದು ತೀರ್ಥಹಳ್ಳಿ ಹತ್ತಿರ, ಹೊಳೆ ದಂಡೆಯ ಊರಲ್ಲಿ. ಅಣ್ಣಂದಿರಿಬ್ಬರೂ ಬೇಸಿಗೆ ರಜೆ ಪೂರ್ತಿ ತುಂಗೆಯಲ್ಲೇ ಇರುತ್ತಿದ್ದರು. ನನ್ನನ್ನು ಮಾತ್ರ ಬಿಡುತ್ತಿರಲಿಲ್ಲ. ಹುಡುಗಿ ಅಂತಲ್ಲ, ಕಿವಿ ಸೋರುತ್ತೆ ಅಂತ. ನಾಲ್ಕೈದು ವರ್ಷದವಳಿದ್ದಾಗ ಎಡಗಿವಿ ಸೋರಿ ದಿಂಬೆಲ್ಲ ಒದ್ದೆಯಾಗುತ್ತಿತ್ತಂತೆ. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯಲ್ಲಿ ಮುಳುಗು ಹಾಕುವಾಗಲೂ ಅಮ್ಮ ಹಿಂದೆ ನಿಂತು ನನ್ನ ಎರಡೂ ಕಿವಿಗೆ ತಾನೇ ಬೆರಳು ತುರುಕುತ್ತಿದ್ದಳು. ನಾನು ಪೂರ್ತಿ ಮುಳುಗಿ ಎದ್ದರೂ ಕಿವಿ ಒಣಗಿಯೇ ಇರುತ್ತಿತ್ತು. ನಿನ್ನ ಪುಣ್ಯದಲ್ಲಿ ಕಿವಿದು ಬಾಕಿ ಇದೆ ಅಂತ ದೊಡ್ಡಣ್ಣ ಈಗಲೂ ಆಡಿಕೊಳ್ಳುತ್ತಾನೆ.

ಸರಿ, ವಿಷಯಕ್ಕೆ ಬರ್ತೀನಿ. ನಾಲ್ಕು ತಿಂಗಳಲ್ಲಿ ಈಜು ಬಂತು. ಒಂದೇ ಉಸಿರಿಗೆ ಅರ್ಧ ಕೊಳ ದಾಟುತ್ತೇನೆ. ಕಿವಿ ಮಾತ್ರ ಕೈ ಕೊಡುತ್ತಿದೆ. ಏನೇನು ಆಯಿತು ಅಂತ ಬರೆಯುತ್ತೇನೆ, ಉದ್ದವಾದರೆ ಕ್ಷಮಿಸಿ.

ಮೊದಲು ನಮ್ಮವರ ಫ್ಯಾಕ್ಟರಿಯಲ್ಲಿ ಸದ್ದಿಗೆ ಅಂತ ಕೊಡುವ ಹಳದಿ ಸ್ಪಂಜಿನ ಪ್ಲಗ್ ಹಾಕಿಕೊಂಡು ಇಳಿದೆ. ಅದು ನೀರು ಕುಡಿದು ಗುಲಾಬ್‌ಜಾಮೂನಿನ ಹಾಗೆ ಉಬ್ಬಿತು. ತೆಗೆಯುವಾಗ ಕಣ್ಣಲ್ಲಿ ನೀರು ಬಂತು. ಆಮೇಲೆ ಆನ್‌ಲೈನ್‌ನಲ್ಲಿ ರಬ್ಬರಿನದು ತರಿಸಿದೆ. ಮೂರು ಪುಟ್ಟ ಛತ್ರಿ ಒಂದರ ಮೇಲೊಂದು ಇಟ್ಟ ಹಾಗಿದೆ. ನೀರು ಅಷ್ಟಾಗಿ ಹೋಗುವುದಿಲ್ಲ. ಆದರೂ ನೋವು.

ಒಂದು ನೋವು ಆಳದ ಕಡೆ ಹೋದಾಗ. ಕೋಚ್ ಮೇಡಂ ತಳಕ್ಕೆ ರಬ್ಬರ್ ರಿಂಗ್ ಎಸೆದು ಹೆಕ್ಕಿಕೊಂಡು ಬನ್ನಿ ಅನ್ನುತ್ತಾರೆ. ಆರೇಳು ಅಡಿ ಇರಬಹುದು. ಅರ್ಧ ಇಳಿಯುವಷ್ಟರಲ್ಲಿ ಕಿವಿಗೆ ದಬ್ಬಳ ಚುಚ್ಚಿದ ಹಾಗೆ. ಪ್ಲಗ್ ಇದ್ದರೆ ಇನ್ನೂ ಜಾಸ್ತಿ! ರಿಂಗ್ ಬಿಟ್ಟು ಮೇಲೆ ಬಂದುಬಿಡುತ್ತೇನೆ.

ಇನ್ನೊಂದು ಈಜು ಮುಗಿದ ಮೇಲೆ, ಕಿವಿಯ ಹಿಂದೆ. ಮುಟ್ಟಿದರೆ ಹುಣ್ಣಿನ ಹಾಗೆ.

ಮಧ್ಯಾಹ್ನದ ಹೊತ್ತಿಗೆ ಎಡಗಿವಿ ಮುಚ್ಚಿಕೊಳ್ಳುತ್ತದೆ, ಒಳಗೆ ನವೆ ಬೇರೆ. ಮೊನ್ನೆ ಗಾಜಿನ ಆಚೆಯಿಂದ ಗಿರಾಕಿ "ನಾಲ್ಕು ಸಾವಿರ" ಅಂದದ್ದು ನನಗೆ "ನಲವತ್ತು ಸಾವಿರ" ಅಂತ ಕೇಳಿಸಿತು. ಪುಣ್ಯಕ್ಕೆ ಚೀಟಿ ನೋಡಿದೆ.

ಕಳೆದ ವಾರ ಹೊಸದೊಂದು ಸೇರಿಕೊಂಡಿತು. ಚಳಿ, ನೀರು ಮಂಜಿನ ಹಾಗಿತ್ತು. ಎರಡೂ ಕಿವಿ ಮುಚ್ಚಿಕೊಂಡರೆ ಮೇಡಂ ಹೇಳುವುದು ಕೇಳಿಸಲ್ಲ ಅಂತ ಎಡಗಿವಿಗೆ ಮಾತ್ರ ಪ್ಲಗ್ ಹಾಕಿದ್ದೆ. ಕೊಳದ ನಡುವೆ ಇದ್ದಕ್ಕಿದ್ದಂತೆ ಎಲ್ಲ ಗಿರ್ರನೆ ತಿರುಗಿತು. ಮೇಲು ಯಾವುದು ಕೆಳಗು ಯಾವುದು ಗೊತ್ತಾಗಲಿಲ್ಲ. ಹಗ್ಗ ಹಿಡಿದುಕೊಂಡೆ. ಅರ್ಧ ನಿಮಿಷಕ್ಕೆ ಸರಿಹೋಯಿತು, ಹೆದರಿಕೆ ಇನ್ನೂ ಹೋಗಿಲ್ಲ.

ಈಜು ಬಿಡು ಅಂತ ಮಾತ್ರ ಯಾರೂ ಹೇಳಬೇಡಿ. ಅದನ್ನು ಮನೆಯಲ್ಲಿ ಎಲ್ಲರೂ ಹೇಳಿಯಾಗಿದೆ.

ಬಾವಿಕಟ್ಟೆ ಮಂಡ್ಯ:

ಅಕ್ಕಾ, ನಾವೆಲ್ಲ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಗೆ ಹಾರಿ ಕಲಿತವರು. ಪ್ಲಗ್ಗೂ ಇಲ್ಲ, ಟೋಪಿಯೂ ಇಲ್ಲ. ಕಿವಿಗೆ ನೀರು ಹೋದರೆ ಒಂಟಿ ಕಾಲಲ್ಲಿ ಕುಣಿಯುವುದು, ಬಿಸಿಲಲ್ಲಿ ಕಾದ ಕಲ್ಲಿಗೆ ಕಿವಿ ಇಟ್ಟು ಮಲಗುವುದು. ಆಯಿತು. ನವೆ ಇದ್ದರೆ ಕೊಬ್ಬರಿ ಎಣ್ಣೆಗೆ ಎರಡು ಎಸಳು ಬೆಳ್ಳುಳ್ಳಿ ಹಾಕಿ ಕಾಯಿಸಿ, ಉಗುರು ಬೆಚ್ಚಗಿರುವಾಗ ನಾಲ್ಕು ತೊಟ್ಟು ಬಿಡಿ. ಅಜ್ಜಿ ಕಾಲದ ಮದ್ದು.

ಕುಂದಾಪ್ರದ ಹುಡುಗ:

ಸರ್, ಕಲ್ಲಿನ ವಿಷಯ ಒಪ್ಪಿದೆ. ಬಿಸಿ ಕಲ್ಲಿಗೆ ಕಿವಿ ಇಟ್ಟರೆ ನೀರು ಬೆಚ್ಚಗೆ ಹರಿದು ಬರುವ ಸುಖವೇ ಬೇರೆ. ಎಣ್ಣೆ ಮಾತ್ರ ಬೇಡವೇ ಬೇಡ. ನಾನು ಮಾಡಿಕೊಂಡು ಅನುಭವಿಸಿದವನು.

ಎರಡು ವರ್ಷದ ಹಿಂದೆ, ಜುಲೈ ಮಳೆಯಲ್ಲಿ, ಕೆರೆಯಲ್ಲಿ ಈಜಿ ಬಂದೆ. ನವೆ ಶುರುವಾಯಿತು. ಅಮ್ಮ ಇದೇ ಬೆಳ್ಳುಳ್ಳಿ ಎಣ್ಣೆ ಬಿಟ್ಟರು. ಎರಡು ದಿನ ಹಾಯೆನಿಸಿತು. ಮೂರನೇ ದಿನದಿಂದ ನವೆ ಅಂದರೆ ನವೆ, ನಿದ್ದೆ ಇಲ್ಲ. ನವೆಗೆ ಇನ್ನಷ್ಟು ಎಣ್ಣೆ. ವಾರ ಕಳೆದು ಕಿವಿ ಡಾಕ್ಟರ ಹತ್ತಿರ ಹೋದೆ. ಅವರು ಸಣ್ಣ ಕ್ಯಾಮೆರಾ ಇಟ್ಟು ಟಿವಿಯಲ್ಲಿ ತೋರಿಸಿದರು. ಒದ್ದೆ ಪೇಪರ್ ಮುದ್ದೆ ಮಾಡಿ ತುರುಕಿದ ಹಾಗೆ ಬೂದು ಬಣ್ಣ, ಅದರ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕರಿ ಚುಕ್ಕಿ. ಬೂಷ್ಟು! ಮಳೆಗಾಲದಲ್ಲಿ ಚಪ್ಪಲಿ ಮೇಲೆ ಬರುತ್ತಲ್ಲ, ಅದೇ ಜಾತಿಯದು ನನ್ನ ಕಿವಿಯಲ್ಲಿ. "ಬೆಚ್ಚಗೆ, ಕತ್ತಲೆ, ತೇವ ಮೊದಲೇ ಇತ್ತು, ಎಣ್ಣೆ ಬಿಟ್ಟು ತೇವ ಆರದ ಹಾಗೆ ಮಾಡಿದಿರಿ" ಅಂದರು. ಮೂರು ಸಲ ಹೀರಿ ತೆಗೆದರು. ಒಂದು ತಿಂಗಳು ಕಿವಿಗೆ ಒಂದು ಹನಿ ನೀರೂ ಹೋಗಬಾರದು ಅಂತ ಕಟ್ಟಪ್ಪಣೆ.

ಅಕ್ಕ, ನಿಮಗೊಂದು ಪ್ರಶ್ನೆ. ನವೆಯಾದಾಗ ಏನು ಹಾಕಿ ಕೆರೆಯುತ್ತೀರಿ? ಸತ್ಯ ಹೇಳಿ.

ತುಂಗಾತೀರದವಳು:

ಹೇರ್‌ಪಿನ್. ಬಸ್ಸಿನಲ್ಲಿ ಕೂತಾಗ ಕೈ ತಾನಾಗಿ ಹೋಗುತ್ತದೆ. ಮನೆಯಲ್ಲಿ ಹತ್ತಿ ಕಡ್ಡಿ. ಈಜಿ ಬಂದ ತಕ್ಷಣ ಹತ್ತಿ ಕಡ್ಡಿ ಹಾಕಿ ತಿರುಗಿಸಿ ಒರೆಸುವುದು ನನ್ನ ನಿತ್ಯದ ಪೂಜೆ. ಬೈಯಬೇಡಿ.

ನೀಲಿಕೊಳ ಕೋಚ್:

ಬೈಯಲ್ಲ ಮೇಡಂ, ಈಜಲು ಬರುವವರಲ್ಲಿ ಮುಕ್ಕಾಲು ಮಂದಿ ಇದನ್ನೇ ಮಾಡುತ್ತಾರೆ. ನಾನು ದಾವಣಗೆರೆಯಲ್ಲಿ ಹದಿನೆಂಟು ವರ್ಷದಿಂದ ಈಜು ಕಲಿಸುತ್ತಿದ್ದೇನೆ. ಔಷಧಿ ವಿಷಯ ನನ್ನದಲ್ಲ. ನೀರಿನ ವಿಷಯ ಹೇಳುತ್ತೇನೆ.

ನೀವು ಮಲೆನಾಡಿನವರು. ಆಗುಂಬೆ ಘಾಟಿ ಇಳಿಯುವಾಗ ಕಿವಿ ಮುಚ್ಚಿಕೊಳ್ಳುತ್ತೆ, ಎಂಜಲು ನುಂಗಿದರೆ ಟಕ್ ಅಂತ ಬಿಡುತ್ತೆ ಅಲ್ವಾ? ಕೆಳಗೆ ಗಾಳಿಯ ಒತ್ತಡ ಜಾಸ್ತಿ, ಅದು ಕಿವಿ ತಮಟೆಯನ್ನು ಒಳಗೆ ಒತ್ತುತ್ತದೆ. ಮೂಗಿನ ಹಿಂದಿನಿಂದ ಕಿವಿಯ ಒಳಗೆ ಒಂದು ಸಣ್ಣ ನಳಿಗೆ ಇದೆ. ನುಂಗಿದಾಗ ಅದು ತೆರೆದು ಒಳಗೂ ಗಾಳಿ ಹೋಗಿ ಎರಡೂ ಕಡೆ ಸಮ ಆಗುತ್ತೆ. ಈಗ ಕೇಳಿ: ಆಗುಂಬೆ ಘಾಟಿ ಪೂರ್ತಿ ಇಳಿದರೆ ಏರುವಷ್ಟು ಒತ್ತಡ ನೀರಿನಲ್ಲಿ ಎರಡು ಮೂರು ಅಡಿ ಇಳಿದರೆ ಏರಿಬಿಡುತ್ತದೆ. ಬಸ್ಸಿಗೆ ಅರ್ಧ ಗಂಟೆ, ನಿಮಗೆ ಒಂದು ಸೆಕೆಂಡು. ರಿಂಗ್ ಹೆಕ್ಕಲು ಹೋಗುವಾಗ ನೀವು ಮೂರು ಘಾಟಿ ಒಟ್ಟಿಗೆ ಇಳಿಯುತ್ತಿದ್ದೀರಿ.

ಅದಕ್ಕೆ ಇಳಿಯಲು ಶುರು ಮಾಡಿದ ಕೂಡಲೇ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಬೇಕು. ನೋವು ಬಂದ ಮೇಲಲ್ಲ, ಬರುವ ಮುಂಚೆ. ಜೋರಾಗಿ ಊದಬಾರದು. ಟಕ್ ಅನ್ನಲಿಲ್ಲವೋ, ಮೇಲೆ ಬನ್ನಿ. ನೆಗಡಿ ಇದ್ದ ದಿನ ಆ ನಳಿಗೆ ಊದಿಕೊಂಡಿರುತ್ತದೆ, ಅವತ್ತು ರಿಂಗೂ ಬೇಡ ಡೈವೂ ಬೇಡ. ಮುರುಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾಗೆ ಹೋದವರನ್ನು ಕೇಳಿ, ನೀರಿಗೆ ಬಿಡುವ ಮುಂಚೆ ಮೊದಲ ಪಾಠವೇ ಇದು. ಅಲ್ಲಿ ಹತ್ತು ಮೀಟರ್ ಇಳಿದರೆ ಮೇಲಿನ ಒತ್ತಡದ ಎರಡರಷ್ಟು.

ಪ್ಲಗ್ ಇದ್ದಾಗ ನೋವು ಜಾಸ್ತಿ ಅಂದಿರಿ. ಆಗಲೇಬೇಕು. ಪ್ಲಗ್‌ಗೂ ತಮಟೆಗೂ ನಡುವೆ ಒಂದಿಷ್ಟು ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ನೀರು ಪ್ಲಗ್ಗನ್ನು ಹೊರಗಿನಿಂದ ಒಳಗೆ ತಳ್ಳುತ್ತದೆ, ಮೂಗಿನಿಂದ ಎಷ್ಟು ಊದಿದರೂ ಆ ಗಾಳಿಯನ್ನು ನೀವು ಮುಟ್ಟಲು ಆಗದು. ಪ್ಲಗ್ ಇರುವುದು ಮೇಲೆ ಮೇಲೆ ಈಜಲು. ಅದನ್ನು ಹಾಕಿಕೊಂಡು ಆಳಕ್ಕೆ ಹೋಗಬಾರದು. ನಿಮ್ಮ ಕೋಚ್‌ಗೆ ಹೇಳಿ, ರಿಂಗ್ ಆಟದ ದಿನ ಪ್ಲಗ್ ರಜೆ ಅಂತ.

ಕಿವಿಯ ಹಿಂದಿನ ನೋವಿಗೆ ಒಂದು ಊಹೆ ಇದೆ. ಟೋಪಿ ಹಾಕುವಾಗ ಓಲೆ ತೆಗೆಯುತ್ತೀರಾ?

ತುಂಗಾತೀರದವಳು:

ಅಯ್ಯೋ ದೇವರೇ! ತೆಗೆಯುವುದಿಲ್ಲ. ಬೆಂಡೋಲೆ, ಮದುವೆಯದು. ಹಿಂದೆ ದಪ್ಪ ತಿರುಪು. ಈಗಷ್ಟೇ ಕನ್ನಡಿ ಮುಂದೆ ನಿಂತು ಕಿವಿ ಮಡಚಿ ನೋಡಿದೆ. ತಿರುಪು ಒತ್ತಿದ ಜಾಗದಲ್ಲೇ, ಕಿವಿಯ ಹಿಂದೆ ತಲೆಬುರುಡೆಯ ಮೇಲೆ, ಕೆಂಪಗೆ ಒಂದು ರೂಪಾಯಿ ನಾಣ್ಯದಷ್ಟು. ಮುಕ್ಕಾಲು ಗಂಟೆ ಬಿಗಿ ಟೋಪಿ ಅದನ್ನು ಒತ್ತಿಟ್ಟಿರುತ್ತೆ. ನಾಲ್ಕು ತಿಂಗಳು ಇದನ್ನು ಕಿವಿ ಸೋಂಕು ಅಂದುಕೊಂಡಿದ್ದೆನಲ್ಲ!

ನೀಲಿಕೊಳ ಕೋಚ್:

ನನ್ನ ಹೆಂಡತಿಯದೂ ಇದೇ ಕಥೆ ಮೇಡಂ, ಅದಕ್ಕೇ ಕೇಳಿದೆ.

ಇನ್ನೊಂದು ಮಾತು. ಕೊಳದ ಹತ್ತಿರ ಘಾಟು ವಾಸನೆ ಹೊಡೆದರೆ ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಕ್ಲೋರಿನ್ ಬೆವರು, ಮೂತ್ರದ ಜೊತೆ ಸೇರಿದಾಗ ಆ ವಾಸನೆ ಏಳುವುದು. ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 7.2ರಿಂದ 7.8ರ ಒಳಗೆ, ಕ್ಲೋರಿನ್ ಕನಿಷ್ಠ 1 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ನೀರಿಗೆ ಒಂದು ಭಾಗ ಇರಬೇಕು. ದಿನಾ ನೋಡಿ ಬೋರ್ಡಿನಲ್ಲಿ ಬರೆಯುತ್ತಾರಾ ಅಂತ ಕೇಳಿ. ಕೇಳಿದ ಮೇಲಾದರೂ ಬರೆಯುತ್ತಾರೆ.

ಶ್ರವಣ ಮೈಸೂರು:

ನಾನು ಆಡಿಯಾಲಜಿಸ್ಟ್, ಅಂದರೆ ಕಿವಿ ಕೇಳಿಸುವುದನ್ನು, ತಲೆಸುತ್ತನ್ನು ಪರೀಕ್ಷೆ ಮಾಡುವ ಕೆಲಸ. ಓದಿದ್ದು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ. ತಲೆ ತಿರುಗಿದ ವಿಷಯಕ್ಕೆ ಯಾರೂ ಕೈ ಹಾಕಿಲ್ಲ ಅಂತ ಬರೆಯುತ್ತಿದ್ದೇನೆ. ನನಗೆ ಇದರಲ್ಲಿ ಅದೇ ಮುಖ್ಯ ಅನಿಸಿತು.

ತಲೆಸುತ್ತಿನ ರೋಗಿಗಳಿಗೆ ನಾವು ಒಂದು ಪರೀಕ್ಷೆ ಮಾಡುತ್ತೇವೆ. ಮಲಗಿಸಿ ಒಂದು ಕಿವಿಗೆ ಮಾತ್ರ ನೀರು ಬಿಡುವುದು. ಒಮ್ಮೆ 30 ಡಿಗ್ರಿ, ಒಮ್ಮೆ 44 ಡಿಗ್ರಿ. ಮೈ ಬಿಸಿ 37, ಅದಕ್ಕಿಂತ ಏಳು ಕಡಿಮೆ, ಏಳು ಜಾಸ್ತಿ. ಅಷ್ಟಕ್ಕೇ ಆರೋಗ್ಯವಾಗಿರುವವರಿಗೂ ಕೋಣೆ ಗಿರಗಿರ ತಿರುಗುತ್ತದೆ. ತೂಕ ತಪ್ಪದ ಹಾಗೆ ನೋಡಿಕೊಳ್ಳುವ ಅಂಗ ಕಿವಿಯ ಒಳಗೇ ಇದೆ. ಅದರಲ್ಲಿರುವ ದ್ರವ ಒಂದು ಕಡೆ ತಣ್ಣಗಾದರೆ ಹರಿಯಲು ಶುರುವಾಗುತ್ತೆ, ತಲೆ ತಿರುಗಿಸಿದೆ ಅಂತ ಮೆದುಳು ಮೋಸ ಹೋಗುತ್ತೆ.

ನೀವು ಡಿಸೆಂಬರ್ ಬೆಳಿಗ್ಗೆ ಎಡಗಿವಿ ಮುಚ್ಚಿ ಬಲಗಿವಿಗೆ ತಣ್ಣೀರು ಬಿಟ್ಟಿರಿ. ನಮ್ಮ ಪರೀಕ್ಷೆಯನ್ನು ಕೊಳದ ನಡುವೆ ನೀವೇ ಮಾಡಿಕೊಂಡಂತಾಯಿತು! ಎರಡೂ ಕಿವಿ ಒಟ್ಟಿಗೆ ತಣ್ಣಗಾದರೆ ಒಂದಕ್ಕೊಂದು ಹೆಚ್ಚುಕಡಿಮೆ ಸಮ ಆಗುತ್ತದೆ. ಹಾಗಾಗಿ ಹಾಕಿದರೆ ಎರಡಕ್ಕೂ ಹಾಕಿ, ಇಲ್ಲಾಂದ್ರೆ ಬೇಡ.

ಆದರೆ ಸುಮ್ನೆ ಇಷ್ಟೇ ಅಂತ ಬಿಡಬೇಡಿ. ತಮಟೆಯಲ್ಲಿ ತೂತಿದ್ದರೆ ತಣ್ಣೀರು ಇನ್ನೂ ಒಳಗೆ ಹೋಗಿ ಹೀಗೇ ತಿರುಗಿಸುತ್ತದೆ. ಚಿಕ್ಕಂದಿನಲ್ಲಿ ಕಿವಿ ಸೋರಿದವರು ನೀವು. ಆ ತೂತು ಮುಚ್ಚಿದೆಯೋ ಇಲ್ಲವೋ ಯಾರಾದರೂ ನೋಡಿದ್ದಾರಾ? ನೋಡಿಲ್ಲವಾದರೆ ಕಿವಿ ಡಾಕ್ಟರಿಗೆ ಎರಡೂ ಕಿವಿ ತೋರಿಸುವವರೆಗೆ ನೀರಿಗೆ ಇಳಿಯಬೇಡಿ. ಈಜು ಬಿಡಿ ಅಂತಲ್ಲ, ಒಂದು ವಾರ ನಿಲ್ಲಿಸಿ. ಅಂಗಡಿಯಲ್ಲಿ ಕೇಳಿ ತಂದ ಡ್ರಾಪ್ಸೂ ಬೇಡ. ತೂತಿರುವ ಕಿವಿಗೆ ಕೆಲವು ಡ್ರಾಪ್ಸ್ ಹೋದರೆ ಒಳಗಿವಿಗೇ ಪೆಟ್ಟು. ವಿನಿಗರ್ ಮತ್ತು ಸ್ಪಿರಿಟ್ ಸಮಸಮ ಬೆರೆಸಿ ಈಜಿದ ಮೇಲೆ ಬಿಡುವುದು ಈಜುವವರಲ್ಲಿ ಹಳೇ ರೂಢಿ. ತಮಟೆ ಗಟ್ಟಿ ಇದ್ದವರಿಗೆ ಅದು ಸರಿ, ತೂತಿದ್ದರೆ ಬೆಂಕಿ ಇಟ್ಟ ಹಾಗೆ.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ. ಕಿವಿ ಹಾಲೆ ಹಿಡಿದು ಎಳೆಯಿರಿ, ಕೆನ್ನೆ ಕಡೆ ಕಿವಿ ಬಾಗಿಲಲ್ಲಿರುವ ಪುಟ್ಟ ಗುಬುಟು ಒತ್ತಿ. ಆಗ ನೋವಾದರೆ ತೊಂದರೆ ಹೊರದಾರಿಯ ಚರ್ಮದಲ್ಲಿ ಇರಬಹುದು. ಈಜುವವರಿಗೆ ಬರುವ ಸೋಂಕು ಸಾಮಾನ್ಯವಾಗಿ ಅಲ್ಲೇ. ಆ ದಾರಿ ಒಂದು ಇಂಚು ಇರುತ್ತೆ ಅಷ್ಟೇ. ಗುಗ್ಗೆ ಕೊಳೆ ಅಲ್ಲ, ಅದು ನೀರು ಹತ್ತದ ಹಾಗೆ ಬಳಿದ ಮೇಣ. ತಾನಾಗಿ ಹೊರಗೆ ಸರಿಯುತ್ತದೆ. ನೀವು ಕಡ್ಡಿ ಹಾಕಿ ಅರ್ಧ ಕೆರೆದು ತೆಗೆದಿರಿ, ಅರ್ಧ ಒಳಗೆ ತಳ್ಳಿದಿರಿ. ತಳ್ಳಿದ್ದು ನೀರು ಹೀರಿ ಉಬ್ಬಿದರೆ ನಾಲ್ಕು ಸಾವಿರ ನಲವತ್ತು ಸಾವಿರ ಆಗುತ್ತೆ.

ಈ ಎಳೆ ಓದುವ ಬೇರೆಯವರಿಗೂ: ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿಗೆ ಕಿವಿ ನೋವು ಬಂದು ರಾತ್ರಿ ಜಾಸ್ತಿಯಾಗುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಅವರಿಗೆ ಅದು ಮೂಳೆಗೆ ಇಳಿಯಬಹುದು.

ಬಾವಿಕಟ್ಟೆ ಮಂಡ್ಯ:

ನನ್ನ ಎಣ್ಣೆ ಸಲಹೆ ವಾಪಸ್ ತಗೊಂಡೆ. ಕಲ್ಲು ಮಾತ್ರ ಬಿಡಲ್ಲ.

ತುಂಗಾತೀರದವಳು (ಒಂದು ತಿಂಗಳ ನಂತರ):

ಎಲ್ಲರಿಗೂ ಲೆಕ್ಕ ಒಪ್ಪಿಸಬೇಕಲ್ಲ, ಬಂದೆ.

ಡಾಕ್ಟರು ಎರಡೂ ಕಿವಿ ನೋಡಿದರು. ತೂತಿಲ್ಲ! ಎಡ ತಮಟೆಯ ಮೇಲೆ ಸುಣ್ಣ ಬಳಿದ ಹಾಗೆ ಒಂದು ಬಿಳಿ ಕಲೆ ಇದೆ, ಹಳೇ ಗಾಯ ಮಾಗಿದ ಗುರುತಂತೆ. ಅಂದರೆ ನಾನು ಪ್ರೈಮರಿ ಶಾಲೆಯಲ್ಲಿದ್ದಾಗಲೇ ಅದು ಮುಚ್ಚಿಹೋಗಿರಬಹುದು, ನೋಡಿದವರು ಯಾರೂ ಇರಲಿಲ್ಲ ಅಷ್ಟೇ. ಅಷ್ಟು ವರ್ಷ ದಂಡೆ ಮೇಲೆ ಕೂತು ಅಣ್ಣಂದಿರ ಬಟ್ಟೆ ಕಾದೆ. ಒಂದು ನಿಮಿಷ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ತಮಟೆಗೆ ಅಂಟಿಕೊಂಡು ಹುಣಸೆ ಬೀಜದ ಹಾಗೆ ಗಟ್ಟಿ ಗುಗ್ಗೆ ಇತ್ತು, ತೆಗೆದರು. ಹೊರದಾರಿಯ ಚರ್ಮ ಕೆರೆದು ಕೆಂಪಾಗಿತ್ತು. ಒಂದು ವಾರ ಡ್ರಾಪ್ಸ್, ಹತ್ತು ದಿನ ನೀರು ಬೇಡ ಅಂದರು. ಸ್ನಾನಕ್ಕೆ ಹತ್ತಿಗೆ ವ್ಯಾಸಲೀನ್ ಸವರಿ ಕಿವಿ ಬಾಗಿಲಿಗೆ ಇಟ್ಟುಕೊಂಡೆ. ಅದು ಸ್ನಾನಕ್ಕೆ ಮಾತ್ರ, ಈಜಿಗೆ ಸಾಲದು ಅಂತ ಅವರೇ ಹೇಳಿದರು. ಹೇರ್‌ಪಿನ್ ಈಗ ತಲೆಯಲ್ಲೇ ಇದೆ.

ಈಗ ಹಾಕುವುದು ಸಿಲಿಕೋನ್ ಪುಟ್ಟಿ. ಚಪಾತಿ ಹಿಟ್ಟಿನ ಹಾಗೆ ಇರುತ್ತದೆ. ಒಣ ಕೈಯಲ್ಲಿ, ಒಣ ಕಿವಿಗೆ ಹಚ್ಚಬೇಕು. ಉಂಡೆ ಮಾಡಿ ತೂತಿನ ಒಳಗೆ ತುರುಕುವುದಲ್ಲ, ಬಾಗಿಲ ಮೇಲೆ ಇಟ್ಟು ಸುತ್ತ ಚಪ್ಪಟೆ ಒತ್ತುವುದು, ಹೋಳಿಗೆ ಅಂಚು ಒತ್ತುತ್ತೇವಲ್ಲ ಹಾಗೆ. ಅದರ ಮೇಲೆ ಟೋಪಿ. ಮೊದಲ ದಿನ ನಾಲ್ಕು ಸಲ ಬಿದ್ದುಹೋಯಿತು, ಯಾಕೆಂದರೆ ನಾನು ಒದ್ದೆ ಕಿವಿಗೆ ಹಚ್ಚಿದ್ದೆ. ಕಿವಿಯ ಅಚ್ಚು ತೆಗೆದು ಅವರವರ ಅಳತೆಗೆ ಮಾಡಿಕೊಡುವ ಪ್ಲಗ್ಗೂ ಇದೆಯಂತೆ, ದುಬಾರಿ. ಪುಟ್ಟಿ ಕೈಕೊಟ್ಟರೆ ಆಗ ನೋಡೋಣ. ಮೇಡಂ ಮಾತು ಕೇಳಿಸದ ಸಮಸ್ಯೆಗೆ ಈಗ ಕೈಸನ್ನೆ ಮಾಡಿಕೊಂಡಿದ್ದೇವೆ, ಅವರು ಎರಡು ಬೆರಳು ತೋರಿಸಿದರೆ ಇನ್ನೆರಡು ಸುತ್ತು.

ಮುಗಿದ ಮೇಲೆ ತಲೆ ವಾಲಿಸಿ, ಹಾಲೆಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಇದ್ದಬದ್ದ ನೀರು ಇಳಿಸುತ್ತೇನೆ. ಟವೆಲ್ ಅಂಚಿನಿಂದ ಹೊರಗಷ್ಟೇ ಒರೆಸುವುದು. ಮನೆಗೆ ಬಂದು ಹೇರ್ ಡ್ರೈಯರ್, ಕಡಿಮೆ ಬಿಸಿ, ಒಂದು ಅಡಿ ದೂರ. ನವೆ ಪೂರ್ತಿ ಹೋಗಿಲ್ಲ, ವಾರಕ್ಕೊಮ್ಮೆ ನೆನಪು ಮಾಡುತ್ತೆ. ಕೈ ಕಟ್ಟಿಕೊಂಡು ಕೂರುತ್ತೇನೆ.

ರಿಂಗ್ ಸಿಕ್ಕಿತು! ಪ್ಲಗ್ ಇಲ್ಲದೆ, ಮೂಗು ಹಿಡಿದು, ಎರಡು ಸಲ ಟಕ್. ತಳ ಮುಟ್ಟಿ ನೋಡಿದರೆ ಟೈಲ್ಸ್ ಮೇಲೆ ಯಾರದೋ ಕೂದಲ ಕ್ಲಿಪ್ಪೂ ಇತ್ತು, ಅದನ್ನೂ ತಂದೆ.

ಬೆಂಡೋಲೆ ತೆಗೆದಿಟ್ಟು ಹೋಗುತ್ತೇನೆ. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ಕಂಡ ಮೊದಲ ವಿಷಯ ಅದೇ. "ಕಿವಿ ಯಾಕೆ ಬೋಳು?" ಅಂದಳು. ಕಥೆ ಹೇಳಿದೆ. ಬಿಳಿ ಕಲೆಯ ವಿಷಯವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೂ ಎಳ್ಳಮಾವಾಸ್ಯೆಗೆ ನಾನೂ ಬರ್ತೀನಿ" ಅಂದಳು. ಬಂದಳು. 76 ವರ್ಷ, ಮೆಟ್ಟಿಲು ಇಳಿಯಲು ದೊಡ್ಡಣ್ಣ ಕೈ ಹಿಡಿದ. ನಾನು ಸೊಂಟದ ತನಕ ನೀರಿಗೆ ಇಳಿದು ತಿರುಗಿ ನೋಡಿದರೆ ಅಮ್ಮ ಎರಡೂ ತೋರುಬೆರಳು ಚಾಚಿ ಹಿಂದೆಯೇ ನಿಂತಿದ್ದಳು. ಪುಟ್ಟಿ ಹಚ್ಚಿದ್ದೇನೆ ಅಂತ ಹೇಳಲಿಲ್ಲ. ಅದರ ಮೇಲೆಯೇ ಬೆರಳು ಇಟ್ಟಳು, ಮುಳುಗಿದೆ.

ಒಂದು ಪ್ರಶ್ನೆ ಬಾಕಿ. ಆ ಪುಟ್ಟಿ ಕಿವಿ ಪಕ್ಕದ ಕೂದಲಿಗೆ ಅಂಟಿಕೊಂಡಿದೆ, ಬಿಡಿಸಲು ಹೋದರೆ ಕೂದಲೇ ಬರುತ್ತೆ. ಏನು ಮಾಡಲಿ?

ಬಾವಿಕಟ್ಟೆ ಮಂಡ್ಯ:

ಕೊಬ್ಬರಿ ಎಣ್ಣೆ ಅಕ್ಕಾ. ಕೂದಲಿಗೆ ಮಾತ್ರ!